20 ದಿನಕ್ಕೊಂದು, ಮೆಟ್ಟಿಲಿನ ರಜೆ, ಎಲ್ಲರಿಗೂ 18: ಮೂರು ಕಡೆ ದುಡಿದು ಕಂಡ ಲೆಕ್ಕ

ಮಡಿಕೇರಿ ಹತ್ತಿರದ ಒಂದು ರೆಸಾರ್ಟಿಗೆ ಸೇರಿದ ದಿನ ಕೈಗೆ ಒಂದು ಕಾಗದ ಕೊಟ್ಟರು. ಮೊದಲ ಮೂರು ವರ್ಷ 15 ದಿನ ರಜೆ. ಮೂರು ತುಂಬಿದ ಮೇಲೆ 20. ಏಳು ತುಂಬಿದರೆ 26. ನೋಡಿ ಖುಷಿಯಾಯ್ತು. ಅದಕ್ಕೆ ಮುಂಚೆ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಹಾಜರಿ-ಲೆಕ್ಕ ಬರೆಯುವವನು, ಆಗಿದ್ದೆ. ಅಲ್ಲಿ ಎಷ್ಟು ವರ್ಷ ದುಡಿದರೂ ಒಂದೇ ಲೆಕ್ಕ. ಈಗ ಕುಶಾಲನಗರದಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ (ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಆಫೀಸಿನಲ್ಲಿದ್ದೇನೆ. ಇಲ್ಲಿ ಸೇರಿದ ವರ್ಷದಿಂದಲೇ ಎಲ್ಲರಿಗೂ 18. ಮೂರರಲ್ಲಿ ಕಾಗದದ ಮೇಲೆ ಚೆಂದ ಕಂಡದ್ದು ರೆಸಾರ್ಟಿನ ಮೆಟ್ಟಿಲಿನ ರಜೆ, ಅಂದರೆ ಸೇವೆಯ ವರ್ಷ ಹೆಚ್ಚಿದಂತೆ ಏರುವ ರಜೆ. ನನ್ನ ಕೈಗೆ ಕಮ್ಮಿ ಸಿಕ್ಕಿದ್ದೂ ಅದೇ.

ತೋಟದ್ದು ಮೊದಲು ಹೇಳುತ್ತೇನೆ. ನಾನಿದ್ದಾಗ ನಡೆಯುತ್ತಿದ್ದುದು 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ. 20 ದಿನ ದುಡಿದರೆ ಸಂಬಳದ ಒಂದು ರಜೆ. ವರ್ಷಕ್ಕೆ 300 ಹಾಜರಿ ಬಿದ್ದರೆ 15, 240 ಬಿದ್ದರೆ 12. ಉಳಿದದ್ದು ಮುಂದಿನ ವರ್ಷಕ್ಕೆ ಹೋಗುತ್ತಿತ್ತು, 30 ಆದ ಮೇಲೆ ಹೊಸದು ಸೇರುತ್ತಿರಲಿಲ್ಲ. ಅರ್ಧ ದಿನಕ್ಕಿಂತ ಕಮ್ಮಿ ಕೆಲಸವಾದ ದಿನ ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. ಚೆಕ್‌ರೋಲ್ (ಹಾಜರಿ ಪುಸ್ತಕ) ಬರೆಯುತ್ತಿದ್ದವನು ನಾನೇ. ಜುಲೈ ಮಳೆಯಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬಂದು, ಒಂಬತ್ತೂವರೆಗೆಲ್ಲ ವಾಪಸ್ ಲೈನ್‌ಮನೆಗೆ (ಕೆಲಸದವರ ಸಾಲುಮನೆಗೆ) ಹೋದವರ ಆ ದಿನ ಹೇಗೆ ಹೋಯಿತು ಅನ್ನುವುದನ್ನು ದಿನಾ ನೋಡುತ್ತಿದ್ದೆ.

ಒಂದು ಸಂಜೆ ಕುಯ್ದ ಕಾಫಿ ಹಣ್ಣು ಅಳೆಯುವ ಹೊತ್ತಿಗೆ ಹಳೇ ಕೆಲಸದಾಕೆ ಒಬ್ಬರು ಕೇಳಿದರು. "ರೈಟರೇ, ನಾನು ಬಂದು ಇಪ್ಪತ್ತಾರು ವರ್ಷ ಆಯ್ತು. ಮೊನ್ನೆ ಬಂದ ಆ ಹುಡುಗಿಗೂ ನಂಗೂ ಒಂದೇ ರಜೆಯಾ?" ನಾನು ದೊಡ್ಡದಾಗಿ ಕಾನೂನು ಹೇಳಿದೆ. "ಅಕ್ಕಾ, ನಿಮ್ಮ ವರ್ಷಗಳ ಲೆಕ್ಕ ಗ್ರಾಚ್ಯುಟಿಯಲ್ಲಿ ಬರುತ್ತೆ. ಒಂದೊಂದು ವರ್ಷಕ್ಕೂ 15 ದಿನದ ಸಂಬಳ." ಅವರು ಚೀಲದ ಬಾಯಿ ಕಟ್ಟುತ್ತಾ ಹೇಳಿದರು: "ಅದು ಬಿಟ್ಟು ಹೋಗುವಾಗ ಅಲ್ವಾ? ಮಂಡಿನೋವು ಇರೋದು ಈಗ."

ಆ ಮಾತಿಗೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. ಸೇವೆ ಹೆಚ್ಚಿದಂತೆ ರಜೆ ಹೆಚ್ಚಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನಾನು ಕೇಳಿಲ್ಲ.

ಅದಕ್ಕೇ ರೆಸಾರ್ಟಿನ ಮೆಟ್ಟಿಲು ಅಷ್ಟು ಹಿಡಿಸಿದ್ದು. ಆಮೇಲೆ ತಿಳಿದದ್ದು, ಮೊದಲ ಮೆಟ್ಟಿಲಿನ 15ರಲ್ಲಿ ಅವರು ಕೊಟ್ಟದ್ದು ಏನೂ ಇಲ್ಲ ಅಂತ. ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೂ 20 ದಿನಕ್ಕೆ ಒಂದು ಅಂತಲೇ ಇದೆ. ಎರಡನೇ ಮೆಟ್ಟಿಲಿನ ಕಥೆ ಇನ್ನೂ ಚೆನ್ನಾಗಿದೆ. ನಾನು ಸೇರಿದ್ದು 2014ರ ಅಕ್ಟೋಬರ್. ಮೊದಲ ಆರು ತಿಂಗಳು ಪ್ರೊಬೇಷನ್, ಅದು ಸೇವೆಗೆ ಸೇರುವುದಿಲ್ಲ. ಅಲ್ಲಿಗೆ ಮೂರು ವರ್ಷ ತುಂಬಿದ್ದು 2018ರ ಏಪ್ರಿಲ್‌ನಲ್ಲಿ. ಹೋಗಿ ಕೇಳಿದರೆ, ರಜೆಯ ವರ್ಷ ಶುರುವಾಗುವುದು ಜನವರಿಗೆ, ಮಧ್ಯದಲ್ಲಿ ಏರಿಸುವುದಿಲ್ಲ ಅಂದರು. ಮೂರು ವರ್ಷದ ಮೆಟ್ಟಿಲು ಹತ್ತಲು ನನಗೆ ನಾಲ್ಕು ವರ್ಷ ಮೂರು ತಿಂಗಳು ಬೇಕಾಯಿತು.

ಅಷ್ಟರಲ್ಲಿ 2018ರ ಆ ಆಗಸ್ಟ್ ಬಂತು. ಗುಡ್ಡ ಜರಿದು ರಸ್ತೆಗಳು ಹೋದವು, ಪ್ರವಾಸಿಗರು ಬರುವುದು ನಿಂತಿತು. ರೆಸಾರ್ಟ್ ಮೂರು ವಾರ ಬಾಗಿಲು ಹಾಕಿತು. ಆ ದಿನಗಳನ್ನು ನಮ್ಮ ಉಳಿದ ರಜೆಯಿಂದಲೇ ಮುರಿದುಕೊಂಡರು. ಗುಡ್ಡ ಜರಿದದ್ದಕ್ಕೂ ನನ್ನ ರಜೆಗೂ ಏನು ಸಂಬಂಧವೋ!

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯದ್ದು ಬೇರೆಯೇ ಗೋಳು. ಅಲ್ಲಿ ರಜೆಗೆ ಒಂದು ತಿಂಗಳು ಮುಂಚೆ ಅರ್ಜಿ ಹಾಕಬೇಕು. ಹುತ್ತರಿಯ ದಿನ, ಹೊತ್ತು ನಿಗದಿಯಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ. ಇಗ್ಗುತಪ್ಪ ನಮ್ಮ ಎಚ್‌ಆರ್ ಫಾರ್ಮ್ ನೋಡಿ ದಿನ ಇಡುತ್ತಾನೆಯೇ? ದಿನ ಗೊತ್ತಾಗುವ ಹೊತ್ತಿಗೆ ಅರ್ಜಿಯ ಗಡುವು ಮುಗಿದಿರುತ್ತಿತ್ತು. ಐದು ಹುತ್ತರಿಯಲ್ಲಿ ಮನೆಯವರ ಜೊತೆ ಗದ್ದೆಗಿಳಿದು ಕದಿರು ತೆಗೆದದ್ದು ಒಂದೇ ಸಲ. ದಸರಾ, ಕ್ರಿಸ್‌ಮಸ್, ಏಪ್ರಿಲ್-ಮೇ ತಿಂಗಳ ಮದುವೆಗಳು, ಎಲ್ಲ ರೂಮು ತುಂಬಿರುವ ಹೊತ್ತು. ಧಾರಾಳವಾಗಿ ರಜೆ ಸಿಗುತ್ತಿದ್ದದ್ದು ಜೂನ್, ಜುಲೈನಲ್ಲಿ. ಕರೆಂಟಿಲ್ಲದ ಮನೆಯಲ್ಲಿ ಮಳೆ ನೋಡುತ್ತಾ ಕೂರಲು 15 ಆದರೇನು, 20 ಆದರೇನು?

ಆದರೂ ಬಿಡಲು ಮನಸ್ಸು ಬರಲಿಲ್ಲ ನೋಡಿ. ಇನ್ನು ಸ್ವಲ್ಪ ತಡೆದರೆ 26 ಸಿಗುತ್ತೆ ಅನ್ನುವ ಆಸೆ. ಬೇರೆ ಕಡೆ ಹೋದರೆ ಸೇವೆ ಮತ್ತೆ ಸೊನ್ನೆ. ಮೆಟ್ಟಿಲು ಮಾಡುವುದೇ ಜನ ಇಳಿದು ಹೋಗದಿರಲಿ ಅಂತ. ಕೊನೆಗೆ 2019ರ ಡಿಸೆಂಬರ್‌ನಲ್ಲಿ ಬಿಟ್ಟೆ.

ಕ್ಯೂರಿಂಗ್ ವರ್ಕ್ಸ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. 18 ದಿನ, ಉಳಿದರೆ 30ರವರೆಗೆ ಕೂಡಿಡಬಹುದು. ಜನವರಿಯಿಂದ ಮೇವರೆಗೆ ಕಾಫಿ ಬರುತ್ತಲೇ ಇರುತ್ತದೆ, ಆಗ ರಜೆ ಅಂದರೆ ಮುಖ ಗಂಟಾಗುತ್ತದೆ. ಸೆಪ್ಟೆಂಬರ್‌ನ ಕೈಲ್‌ಮುಹೂರ್ತ (ಕೊಡಗಿನ ಆಯುಧಪೂಜೆಯ ಹಬ್ಬ), ತಲಕಾವೇರಿಯ ತೀರ್ಥೋದ್ಭವ, ಹುತ್ತರಿ, ಮೂರೂ ಆ ಗಡಿಬಿಡಿಗೆ ಮುಂಚೆ ಮುಗಿಯುತ್ತವೆ. ಎರಡು ದಿನ ಮುಂಚೆ ಬಾಯಲ್ಲಿ ಹೇಳಿದರೂ ಸಾಕು.

ಮನೆಯಲ್ಲಿ ನಾಲ್ಕನೆಯ ಲೆಕ್ಕವೂ ಇದೆ, ಹೆಂಡತಿ ಸರ್ಕಾರಿ ನೌಕರೆ. ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಗಳಿಕೆ ರಜೆ. ಹೊಸಬರಿಗೂ ನಾಳೆ ನಿವೃತ್ತಿ ಆಗುವವರಿಗೂ ಅಷ್ಟೇ. ಆದರೆ 300ರವರೆಗೆ ಕೂಡಿಡಬಹುದು, ನಿವೃತ್ತಿಯಲ್ಲಿ ದುಡ್ಡೂ ಆಗುತ್ತದೆ. ನಾನು ಹೊಟ್ಟೆಕಿಚ್ಚು ತೋರಿಸಿದಾಗಲೆಲ್ಲ, 2019ರಲ್ಲಿ ನಾಲ್ಕನೇ ಶನಿವಾರ ಕೊಟ್ಟು ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿದ್ದನ್ನು ಅವಳು ನೆನಪಿಸುತ್ತಾಳೆ.

ಇನ್ನೂ ಕೆಲಸ ಬದಲಿಸುವ ವಯಸ್ಸಿನವರಾದರೆ ಎಲ್ಲರಿಗೂ ಒಂದೇ ಇರುವ ಕಡೆ ಹೋಗಿ. ಹತ್ತು ವರ್ಷ ಕದಲುವುದಿಲ್ಲ ಅನ್ನುವವರಿಗೆ ಮೆಟ್ಟಿಲು ಲಾಭವೇ. ಆದರೆ ಸೇವೆ ಯಾವ ತಾರೀಖಿನಿಂದ ಎಣಿಸುತ್ತಾರೆ, ಏರಿದ ರಜೆ ಯಾವ ತಿಂಗಳಿಂದ ಬರುತ್ತದೆ ಅಂತ ಸೇರುವಾಗಲೇ ಬರೆಸಿಕೊಳ್ಳಿ. ನನ್ನ ಈ ವರ್ಷದ 18ರಲ್ಲಿ 13 ಮುಗಿದಿದೆ. ಹುತ್ತರಿಯ ದಿನ ಗೊತ್ತಾಗುವವರೆಗೆ ಎರಡನ್ನು ಮುಟ್ಟುವುದಿಲ್ಲ.