ಸಕ್ಕರೆ ತೆಗೆದ ಮೇಲೆ ಉಳಿಯುವ ರುಚಿ: ಏಳು ಚಾಕೊಲೇಟ್‌ಗಳ ಪರೀಕ್ಷೆ

ಅಮ್ಮನಿಗೆ ಸಕ್ಕರೆ ಕಾಯಿಲೆಯಿದೆ ಎಂದು ಗೊತ್ತಾದ ಮೇಲೆ ನಮ್ಮ ಮನೆಗೆ ಬರುವ ನೆಂಟರ ಕೈಚೀಲದಲ್ಲಿ ಒಂದು ಬದಲಾವಣೆಯಾಯಿತು. ಮೈಸೂರು ಪಾಕಿನ ಡಬ್ಬಿಯ ಜಾಗಕ್ಕೆ 'ಶುಗರ್ ಫ್ರೀ' ಎಂದು ದಪ್ಪ ಅಕ್ಷರದಲ್ಲಿ ಬರೆದ ಚಾಕೊಲೇಟ್ ಬಂತು. ಅಮ್ಮ ಬಂದವರ ಎದುರಿಗೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ, ಚೆನ್ನಾಗಿದೆ ಎನ್ನುತ್ತಾರೆ, ಅವರು ಹೊರಟ ಮೇಲೆ ಉಳಿದದ್ದನ್ನು ಫ್ರಿಜ್ಜಿನ ಬಾಗಿಲಿಗೆ ಸೇರಿಸುತ್ತಾರೆ. ಹೀಗೆ ಅಲ್ಲಿ ಐದಾರು ಅರ್ಧಂಬರ್ಧ ಬಾರುಗಳು ಸೇರಿಕೊಂಡಾಗ, ದೋಷವಿರುವುದು ಅಮ್ಮನ ನಾಲಿಗೆಯಲ್ಲೋ ಆ ಚಾಕೊಲೇಟುಗಳಲ್ಲೋ ಎಂದು ಪರೀಕ್ಷಿಸಿಯೇ ಬಿಡೋಣ ಎನ್ನಿಸಿತು.

ಪರೀಕ್ಷೆಗೆ ಏಳು ಚಾಕೊಲೇಟುಗಳನ್ನು ಆರಿಸಿಕೊಂಡೆವು. ಎಲ್ಲ ಅಂಗಡಿಗಳಲ್ಲೂ ಸಿಗುವ ಕ್ಯಾಡ್ಬರಿ ಡೈರಿ ಮಿಲ್ಕ್ ಮತ್ತು ನಮ್ಮ ಊರಿನ ಕಡೆಯದೇ ಆದ, ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊದ ಬಾರ್. ಕೋಕೋ ಹೆಚ್ಚಿರುವ ಡಾರ್ಕ್ ಬಗೆಯಲ್ಲಿ ಅಮುಲ್‌ನ 55 ಮತ್ತು 75 ಶೇಕಡಾ ಕೋಕೋದ ಬಾರುಗಳು, ಸ್ವಿಸ್ ಕಂಪನಿ ಲಿಂಟ್‌ನ 85 ಶೇಕಡಾ ಬಾರು. ಇವಲ್ಲದೆ ಸಕ್ಕರೆಯನ್ನೇ ಹಾಕದ ಎರಡು, ಒಂದು ಮಾಲ್ಟಿಟಾಲ್ ಎಂಬ ಸಕ್ಕರೆಯ ಬದಲಿ ಹಾಕಿದ ಹಾಲಿನ ಚಾಕೊಲೇಟು, ಇನ್ನೊಂದು ಎರಿತ್ರಿಟಾಲ್ ಎಂಬ ಅಂಥದೇ ಬದಲಿ ಮತ್ತು ಸ್ಟೀವಿಯಾ ಎಲೆಯ ಸಿಹಿ ಹಾಕಿದ ಡಾರ್ಕು. ಕೊನೆಯ ಎರಡರ ಹೆಸರು ಹೇಳುವುದಿಲ್ಲ. ನನ್ನ ದೂರು ಆ ಕಂಪನಿಗಳ ಮೇಲಲ್ಲ, ಆ ವಿಧಾನದ ಮೇಲೆ. ರುಚಿ ನೋಡಿದವರು ಐದು ಮಂದಿ: ಅಮ್ಮ, ನಾವಿಬ್ಬರು, ಎಂಟನೆಯ ತರಗತಿಯ ಮಗಳು ಮತ್ತು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಹೊದಿಕೆ ತೆಗೆದು, ಎಲ್ಲವನ್ನೂ ಒಂದೇ ಅಳತೆಯ ತುಂಡುಗಳಾಗಿ ಕತ್ತರಿಸಿ, ಅಂಕಿ ಬರೆದ ಚೀಟಿಯೊಂದಿಗೆ ಸ್ಟೀಲ್ ಬಟ್ಟಲುಗಳಲ್ಲಿಟ್ಟೆವು. ಒಂದರ ರುಚಿ ಇನ್ನೊಂದಕ್ಕೆ ಅಂಟದಿರಲೆಂದು ನಡುನಡುವೆ ಉಪ್ಪು ಖಾರವಿಲ್ಲದ ಒಣ ಮಂಡಕ್ಕಿ ಮತ್ತು ಉಗುರುಬೆಚ್ಚಗಿನ ನೀರು. ಒಂದೇ ಸಂಜೆಗೆ ಏಳನ್ನೂ ತಿಂದರೆ ನಾಲಿಗೆ ಸೋಲುತ್ತದೆ ಎಂದು ಮೂರು ಸಂಜೆಗಳಿಗೆ ಹಂಚಿದೆವು.

ಕೋಕೋದ ಮಟ್ಟಿಗೆ ನನಗೆ ಒಂದು ಪಕ್ಷಪಾತವಿದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಾನು ಬೆಳೆದದ್ದು ಪುತ್ತೂರಿನ ಸಮೀಪದ ಅಡಿಕೆ ತೋಟದಲ್ಲಿ. ಅಡಿಕೆ ಮರಗಳ ನೆರಳಿನಲ್ಲಿ ಕೋಕೋ ಗಿಡಗಳಿದ್ದವು, ಹಳದಿಯಾದ ಕಾಯಿಯನ್ನು ಕಲ್ಲಿಗೆ ಕುಟ್ಟಿ ಒಡೆದು, ಬೀಜಕ್ಕೆ ಅಂಟಿದ ಬಿಳಿ ತಿರುಳನ್ನು ಚೀಪಿ, ಬೀಜವನ್ನು ಬುಟ್ಟಿಗೆ ಉಗಿಯುವುದು ನಮ್ಮ ರಜೆಯ ಕೆಲಸವಾಗಿತ್ತು. ಆ ತಿರುಳು ಹುಳಿಸಿಹಿ. ತಪ್ಪಿ ಬೀಜವನ್ನು ಕಚ್ಚಿದರೆ ಮಾತ್ರ ಎಳೆ ಅಡಿಕೆಯಂಥ ಚೊಗರು ಬಾಯಿಯನ್ನೆಲ್ಲ ಹಿಡಿದುಕೊಳ್ಳುತ್ತಿತ್ತು. ಚಾಕೊಲೇಟಿನ ಮೂಲ ಆ ಚೊಗರು ಬೀಜವೇ. ಅದನ್ನು ಕೆಲವು ದಿನ ಹುದುಗಿಸಿ, ಒಣಗಿಸಿ, ಹುರಿದು, ಅರೆದ ಮೇಲಷ್ಟೇ ನಾವು ಬಲ್ಲ ಪರಿಮಳ ಹುಟ್ಟುತ್ತದೆ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಆರಂಭವಾದ ಕ್ಯಾಂಪ್ಕೊ, ಕೋಕೋಗೆ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗೆಟ್ಟಿದ್ದ ಕಾಲದಲ್ಲಿ ಖರೀದಿಗಿಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ನಮ್ಮ ಕಡೆಯವರಿಗೆ ಕ್ಯಾಂಪ್ಕೊ ಬಾರೆಂದರೆ ತೋಟದಿಂದ ಹೊರಟ ಬೀಜ ಹೊದಿಕೆ ಸುತ್ತಿಕೊಂಡು ಮನೆಗೆ ಮರಳಿದಂತೆ. ಈ ಕಾರಣಕ್ಕೇ ಕಣ್ಣಿಗೆ ಹೆಸರು ಬೀಳದ ಪರೀಕ್ಷೆ ನನಗೆ ಅಗತ್ಯವಾಗಿತ್ತು.

ಹೆಚ್ಚು ಮಾರಾಟವಾಗುವ ಹಾಲಿನ ಚಾಕೊಲೇಟುಗಳ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಡೈರಿ ಮಿಲ್ಕ್ ಬಾಯಿಗಿಟ್ಟ ತಕ್ಷಣ ಕರಗಲಾರಂಭಿಸುತ್ತದೆ. ಮೊದಲು ಸಿಹಿ, ಆಮೇಲೆ ಕಾಯಿಸಿದ ಹಾಲಿನ ಕೆನೆಯಂಥ ಸ್ವಾದ, ಎಲ್ಲಕ್ಕಿಂತ ಕೊನೆಗೆ, ಅದೂ ಹುಡುಕಿದರೆ, ಕೋಕೋ. ಮಗಳು ಅದನ್ನು ಮೊದಲ ತುಂಡಿಗೇ ಗುರುತಿಸಿ ಇನ್ನೊಂದಕ್ಕೆ ಕೈಯೊಡ್ಡಿದಳು. ಕ್ಯಾಂಪ್ಕೊ ಬಾರ್ ಸಿಹಿಯಲ್ಲಿ ಹಿಂದೆ ಬೀಳದಿದ್ದರೂ, ಹುರಿದ ಬೀಜದ ವಾಸನೆ ಅದರಲ್ಲಿ ಒಂದು ಕೂದಲೆಳೆಯಷ್ಟು ಮುಂದಿದೆ ಎಂದು ನಾನು ಬರೆದುಕೊಂಡಿದ್ದೆ. ಚೀಟಿ ತೆರೆದಾಗ ಸಂತೋಷವಾಯಿತು. ಆದರೆ ಮೇಷ್ಟ್ರು ಅದೇ ಬಟ್ಟಲಿಗೆ 'ಮೊದಲನೆಯದಕ್ಕಿಂತ ಬೇರೆಯಲ್ಲ' ಎಂದು ಬರೆದಿದ್ದುದನ್ನೂ ಇಲ್ಲಿ ದಾಖಲಿಸಬೇಕು.

ಇವು ಇಷ್ಟು ಸಿಹಿಯಾಗಿರುವುದಕ್ಕೆ ಕಾರಣ ಸರಳ. ಚಾಕೊಲೇಟಿನ ಸಾಮಗ್ರಿಗಳಲ್ಲೆಲ್ಲ ಅಗ್ಗವಾದುದು ಸಕ್ಕರೆ. ಕೋಕೋದ ಬೆಲೆಯಾದರೋ 2024ರಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತ್ತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ನಿಯಮಾವಳಿ ಸಾದಾ ಚಾಕೊಲೇಟಿನಲ್ಲಿ ಕೊಬ್ಬು ಬಿಟ್ಟು ಉಳಿದ ಕೋಕೋ ಅಂಶ ಕನಿಷ್ಠ ಶೇ. 12 ಇರಬೇಕೆಂದರೆ, ಹಾಲಿನ ಚಾಕೊಲೇಟಿಗೆ ಶೇ. 2.5 ಸಾಕೆನ್ನುತ್ತದೆ. ಡೈರಿ ಮಿಲ್ಕ್‌ನ ಹೊದಿಕೆಯನ್ನು ತಿರುಗಿಸಿ ನೋಡಿದರೆ, ಹಾಲಿನದೇ ಸಕ್ಕರೆಯೂ ಸೇರಿ ಒಟ್ಟು ಸಕ್ಕರೆ ತೂಕದ ಅರ್ಧವನ್ನು ಮೀರುತ್ತದೆ. ದಿನಕ್ಕೆ ಸುಮಾರು 25 ಗ್ರಾಂಗಿಂತ ಕಡಿಮೆ ಸಕ್ಕರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿಗೆ ಇಂಥ 50 ಗ್ರಾಂ ಬಾರೊಂದೇ ಹತ್ತಿರ ಹತ್ತಿರ ಸಾಕಾಗುತ್ತದೆ; ಬೆಳಗಿನ ಕಾಫಿಯ ಲೆಕ್ಕ ಬೇರೆ.

ಡಾರ್ಕ್ ಬಾರುಗಳಿಗೆ ಬಂದರೆ ಲೆಕ್ಕ ಮಾಡಲು ಸುಲಭದ ದಾರಿಯೊಂದಿದೆ. ಹಣ್ಣು, ಬೀಜ ಇತ್ಯಾದಿ ಬೆರೆಸದ ಸಾದಾ ಡಾರ್ಕ್ ಚಾಕೊಲೇಟಿನಲ್ಲಿ ಕೋಕೋದ ಶೇಕಡಾವಾರನ್ನು ನೂರರಿಂದ ಕಳೆದರೆ ಉಳಿಯುವುದು ಹೆಚ್ಚುಕಡಿಮೆ ಸಕ್ಕರೆಯೇ. ಅಂದರೆ ನೂರು ಗ್ರಾಂ ಬಾರಿನ ಲೆಕ್ಕಕ್ಕೆ 55ರಲ್ಲಿ 45 ಗ್ರಾಂ, 75ರಲ್ಲಿ 25, 85ರಲ್ಲಿ 15. 'ಡಾರ್ಕ್' ಎಂಬ ಪದವನ್ನು ನಂಬಿ 55ರ ಬಾರನ್ನು ಧಾರಾಳವಾಗಿ ತಿನ್ನುವವರು ಈ ಕಳೆಯುವ ಲೆಕ್ಕವನ್ನು ಒಮ್ಮೆ ಮಾಡಬೇಕು. ಹಾಲಿನ ಚಾಕೊಲೇಟಿಗೂ ಅದಕ್ಕೂ ಇರುವ ಅಂತರ ಬಣ್ಣದಲ್ಲಿ ಕಂಡಷ್ಟು ಸಕ್ಕರೆಯಲ್ಲಿ ಇಲ್ಲ. ರುಚಿಯಲ್ಲಿ ಮಾತ್ರ ಅಮುಲ್ 55 ಐವರಿಗೂ ಹಿಡಿಸಿತು. ಮುರಿದಾಗ ಒಣ ಕಡ್ಡಿ ಮುರಿದಂತೆ ಟಕ್ಕೆಂಬ ಸದ್ದು, ಗಟ್ಟಿ ಡಿಕಾಕ್ಷನ್ನಿಗೆ ಹದವಾಗಿ ಸಕ್ಕರೆ ಹಾಕಿದಂಥ ಕಹಿಸಿಹಿ. ಡಾರ್ಕ್ ಅಭ್ಯಾಸವಿಲ್ಲದವರಿಗೆ ಇದು ಒಳ್ಳೆಯ ಮೊದಲ ಮೆಟ್ಟಿಲು, ಬೆಲೆಯೂ ಕೈಗೆಟಕುವಂಥದು.

75ರಲ್ಲಿ ಕಹಿ ಮತ್ತು ಒಗರು ಬೇರೆಬೇರೆಯಾಗಿ ಕಾಣಿಸಿಕೊಳ್ಳುತ್ತವೆ. ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಪದಗಳಿರುವುದು ಚಾಕೊಲೇಟ್ ತಿನ್ನುವವರ ಭಾಗ್ಯ: ಕಹಿ ನಾಲಿಗೆಯ ಬುಡದಲ್ಲಿ ಕೂರುತ್ತದೆ, ಒಗರು ಕೆನ್ನೆಯ ಒಳಬದಿಯನ್ನು ಒಣಗಿಸಿ ಎಳೆಯುತ್ತದೆ. ಅಮುಲ್ 75ರಲ್ಲಿ ಎರಡೂ ಇವೆ, ಜೊತೆಗೆ ಆರೇಳು ಕ್ಷಣ ಕಾದರೆ ಹುಣಸೆಯನ್ನು ನೆನಪಿಸುವ ತೆಳು ಹುಳಿಯೂ ಬರುತ್ತದೆ. ಅಗಿಯುವವರಿಗೆ ಇದು ಸಿಗುವುದಿಲ್ಲ. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಯಲ್ಲಿ, ಅಂದರೆ ಬಾಯಿಯ ಶಾಖಕ್ಕಿಂತ ತುಸು ಕೆಳಗೆ. ತುಂಡನ್ನು ನಾಲಿಗೆಯ ಮೇಲಿಟ್ಟು ಸುಮ್ಮನೆ ಕುಳಿತರೆ ಅದು ತಾನಾಗಿ ಕರಗುತ್ತ ಒಳಗಿರುವುದನ್ನು ಒಂದೊಂದಾಗಿ ಬಿಟ್ಟುಕೊಡುತ್ತದೆ. ಮೇಷ್ಟ್ರು ಅಡಿಕೆ ಜಗಿಯುವ ಅಭ್ಯಾಸದಿಂದ ನಾಲ್ಕೇ ಸಲ ಕಡಿದು ನುಂಗಿ 'ಬರೀ ಕಹಿ' ಎಂದರು. ಎರಡನೆಯ ಸಲ ಕರಗಲು ಬಿಟ್ಟಾಗ ಅಂಕವನ್ನು ನಾಲ್ಕರಿಂದ ಏಳಕ್ಕೆ ಏರಿಸಿದರು.

ಲಿಂಟ್ 85 ಇವೆಲ್ಲಕ್ಕಿಂತ ನುಣುಪು. ಇಷ್ಟು ಕಡಿಮೆ ಸಕ್ಕರೆಯಿದ್ದೂ ಅದು ಗಂಟಲಿಗೆ ಗೀರದಿರುವುದಕ್ಕೆ ಅರೆತದ ನಯವೂ ಕೋಕೋ ಬೆಣ್ಣೆಯ ಧಾರಾಳವೂ ಕಾರಣ. ಶೇಕಡಾ ಲೆಕ್ಕದಲ್ಲಿ ಕೋಕೋ ಪುಡಿಯಷ್ಟೇ ಅಲ್ಲ, ಕೋಕೋ ಬೆಣ್ಣೆಯೂ ಸೇರುವುದರಿಂದ, ಒಂದೇ ಅಂಕಿಯ ಎರಡು ಕಂಪನಿಗಳ ಬಾರುಗಳು ಒಂದೇ ಕಹಿಯಾಗಿರಬೇಕಿಲ್ಲ. ಇದರ ಇನ್ನೊಂದು ಗುಣ ನಮಗೆ ತಿನ್ನುವಾಗಲೇ ತಿಳಿಯಿತು: ಎರಡು ತುಂಡಿಗೆ ಕೈ ತಾನಾಗಿ ನಿಲ್ಲುತ್ತದೆ. ಡೈರಿ ಮಿಲ್ಕ್‌ನ ಬಟ್ಟಲು ಖಾಲಿಯಾದ ಮೇಲೂ ಬೆರಳುಗಳು ಅದರ ತಳ ಸವರುತ್ತಿದ್ದವು, ಇದರ ಬಟ್ಟಲಿನಲ್ಲಿ ಮೂರನೆಯ ಸಂಜೆಗೂ ತುಂಡುಗಳು ಉಳಿದಿದ್ದವು. ಮಗಳು ಮಾತ್ರ ಇದನ್ನು ಔಷಧಿ ಎಂದು ಕರೆದು ನೀರು ಕುಡಿದಳು. ಬೆಲೆ ಅಮುಲ್‌ನದಕ್ಕಿಂತ ಬಹಳ ಹೆಚ್ಚು. ದಿನನಿತ್ಯಕ್ಕೆ ನಾನು ಕೊಳ್ಳಲಾರೆ.

ಇನ್ನು ಸಕ್ಕರೆ ಹಾಕದ ಎರಡು. ಚಾಕೊಲೇಟಿನಲ್ಲಿ ಸಕ್ಕರೆ ರುಚಿಯ ಕೆಲಸವನ್ನಷ್ಟೇ ಮಾಡುವುದಿಲ್ಲ, ಬಾರಿನ ಗಾತ್ರವನ್ನೂ ಅದೇ ತುಂಬುತ್ತದೆ. ಅರ್ಧ ಬಾರನ್ನೇ ತೆಗೆದ ಮೇಲೆ ಆ ಜಾಗಕ್ಕೆ ಏನನ್ನಾದರೂ ಹಾಕಲೇಬೇಕು. ಸ್ಟೀವಿಯಾ ಸಕ್ಕರೆಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಸಿಹಿಯಾದ್ದರಿಂದ ಚಿಟಿಕೆ ಸಾಕು, ಆದರೆ ಚಿಟಿಕೆಯಿಂದ ಜಾಗ ತುಂಬುವುದಿಲ್ಲ. ಆಗ ಬರುವುದೇ ಮಾಲ್ಟಿಟಾಲ್, ಎರಿತ್ರಿಟಾಲ್, ಇನುಲಿನ್‌ನಂಥ ನಾರು ಮುಂತಾದವು. 2019ರಲ್ಲಿ ಬಿಡುಗಡೆಯಾದ, ಶೇ. 30 ಕಡಿಮೆ ಸಕ್ಕರೆಯ ಡೈರಿ ಮಿಲ್ಕ್ ಕೂಡ ಸಕ್ಕರೆಯ ಜಾಗವನ್ನು ನಾರಿನಿಂದ ತುಂಬಿಸುವ ದಾರಿಯನ್ನೇ ಹಿಡಿದಿತ್ತು.

ನಮ್ಮ ಮಾಲ್ಟಿಟಾಲ್ ಬಾರು ಮೊದಲ ಐದು ಕ್ಷಣ ಯಾರನ್ನೂ ಮೋಸಗೊಳಿಸಬಲ್ಲದು. ಅದರ ಸಿಹಿ ಸಕ್ಕರೆಯ ಸುಮಾರು ಶೇ. 90ರಷ್ಟಿದೆ, ಬಾಯಲ್ಲಿ ಕರಗುವ ಬಗೆಯೂ ಹತ್ತಿರವೇ. ತೊಂದರೆ ಶುರುವಾಗುವುದು ನುಂಗಿದ ಮೇಲೆ. ಹಾಲಿನ ಸ್ವಾದ ಇಳಿದುಹೋದರೂ ಸಿಹಿ ಇಳಿಯದೆ, ಊಟ ಮುಗಿದರೂ ಏಳದ ಅತಿಥಿಯ ಹಾಗೆ, ಹಲ್ಲಿನ ಸಂದಿಯಲ್ಲಿ ಕುಳಿತಿರುತ್ತದೆ. ಅಮ್ಮ ಚೀಟಿ ನೋಡದೆಯೇ "ಇದು ನೆಂಟರ ಚಾಕೊಲೇಟು" ಎಂದರು. ಆ ಸಂಜೆ ನಾನು ಪರೀಕ್ಷೆಯ ಹುಮ್ಮಸ್ಸಿನಲ್ಲಿ ಅರ್ಧ ಬಾರನ್ನು ತಿಂದು ಮುಗಿಸಿದ್ದೆ. ರಾತ್ರಿ ಹೊಟ್ಟೆ ಗುಡುಗಿದ ಸದ್ದು ಪಕ್ಕದಲ್ಲಿ ಮಲಗಿದವರಿಗೂ ಕೇಳಿಸಿತಂತೆ. ಇಂಥ ಪದಾರ್ಥಗಳು ಸಣ್ಣ ಕರುಳಿನಲ್ಲಿ ಪೂರ್ತಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ ಹುದುಗುವುದರಿಂದ ಹೀಗಾಗುತ್ತದೆ. ಹೊದಿಕೆಯ ಮೇಲೆ ಭೇದಿಯಾಗಬಹುದೆಂಬ ಎಚ್ಚರಿಕೆಯೂ ಇತ್ತು, ಸಾಸಿವೆಗಿಂತ ಚಿಕ್ಕ ಅಕ್ಷರದಲ್ಲಿ. ಇಷ್ಟೆಲ್ಲ ಆದ ಮೇಲೂ ಲಾಭವೆಷ್ಟು? ಸಕ್ಕರೆಯ ಒಂದು ಗ್ರಾಂಗೆ 4 ಕ್ಯಾಲರಿ, ಮಾಲ್ಟಿಟಾಲ್‌ಗೆ ಸುಮಾರು 2.4. ನೂರು ಗ್ರಾಂ ಬಾರಿನಲ್ಲಿ 45 ಗ್ರಾಂ ಸಕ್ಕರೆಯ ಬದಲು ಅಷ್ಟೇ ಮಾಲ್ಟಿಟಾಲ್ ಹಾಕಿದರೆ ಉಳಿಯುವುದು 72 ಕ್ಯಾಲರಿ. ಕೊಬ್ಬಿನದು ಇದ್ದ ಹಾಗೆಯೇ ಇರುತ್ತದೆ. ರಕ್ತದ ಸಕ್ಕರೆಯನ್ನು ಅದು ಸಕ್ಕರೆಗಿಂತ ಕಡಿಮೆ ಏರಿಸುತ್ತದೆ ನಿಜ, ಏರಿಸುವುದೇ ಇಲ್ಲ ಎಂದಲ್ಲ.

ಎರಿತ್ರಿಟಾಲ್ ಬಾರು ಈ ಲೆಕ್ಕದಲ್ಲಿ ವಾಸಿ. ಅದರ ಕ್ಯಾಲರಿ ಅತ್ಯಲ್ಪ, ಹೊಟ್ಟೆಯೂ ತಕರಾರು ಮಾಡಲಿಲ್ಲ. ಆದರೆ ಕರಗುವಾಗ ಅದು ಶಾಖವನ್ನು ಹೀರುವುದರಿಂದ ನಾಲಿಗೆಯ ಮೇಲೆ ತಣ್ಣನೆಯ ಅನುಭವವಾಗುತ್ತದೆ, ಪರಿಮಳವಿಲ್ಲದ ಪೆಪ್ಪರ್‌ಮಿಂಟ್ ಚೀಪಿದಂತೆ. ಚಾಕೊಲೇಟು ಬೆಚ್ಚಗೆ ಹರಡಬೇಕಾದ ಪದಾರ್ಥ. ಈ ತಂಪು ಅದರ ಸ್ವಭಾವಕ್ಕೇ ವಿರುದ್ಧ. ಹಿಂದೆಯೇ ಸ್ಟೀವಿಯಾದ ಜೇಷ್ಠಮಧುವಿನಂಥ ಕಮಟು ಸಿಹಿ ಬಂದು ಕೋಕೋವನ್ನು ಮುಚ್ಚಿಬಿಡುತ್ತದೆ. ನಡುವೆ ಸಕ್ಕರೆಯ ಹರಳಿನಂತೆ ಕರಕರ ಎನ್ನುವ ಕಣಗಳೂ ಸಿಕ್ಕವು.

ಹೊದಿಕೆಯ ಮೇಲಿನ ಮಾತುಗಳ ಬಗ್ಗೆಯೂ ಎಚ್ಚರ ಬೇಕು. ನಮ್ಮ ನಿಯಮದ ಪ್ರಕಾರ ನೂರು ಗ್ರಾಂನಲ್ಲಿ 0.5 ಗ್ರಾಂ ಮೀರದಿದ್ದರೆ ಮಾತ್ರ ಸಕ್ಕರೆರಹಿತ, 5 ಗ್ರಾಂ ಮೀರದಿದ್ದರೆ ಕಡಿಮೆ ಸಕ್ಕರೆ. 'ಸಕ್ಕರೆ ಸೇರಿಸಿಲ್ಲ' ಎಂಬುದು ಇವೆರಡೂ ಅಲ್ಲ. ಹಾಲಿನ ಚಾಕೊಲೇಟಾದರೆ ಹಾಲಿನದೇ ಸಕ್ಕರೆಯಾದ ಲ್ಯಾಕ್ಟೋಸ್ ಒಳಗಿದ್ದೇ ಇರುತ್ತದೆ. ಬೆಲ್ಲ ಅಥವಾ ಖರ್ಜೂರದ ಪುಡಿ ಹಾಕಿ 'ಬಿಳಿ ಸಕ್ಕರೆಯಿಲ್ಲ' ಎಂದು ಮಾರುವುದಂತೂ ಅಮ್ಮನಂಥವರ ಪಾಲಿಗೆ ಬಣ್ಣ ಬದಲಿಸಿದ ಸಕ್ಕರೆಯೇ. ವಿಚಿತ್ರವೆಂದರೆ, ಈ ಅಳತೆಗೋಲಿನಲ್ಲಿ 85ರ ಬಾರಿಗೆ ಕಡಿಮೆ ಸಕ್ಕರೆ ಎಂಬ ಬಿರುದು ದಕ್ಕುವುದಿಲ್ಲ. ಆದರೂ ನಮ್ಮ ಐವರ ಬಟ್ಟಲಿನಲ್ಲಿ, ತಿಂದ ಪ್ರಮಾಣವನ್ನೂ ಸೇರಿಸಿ ನೋಡಿದರೆ, ಸಕ್ಕರೆ ಹಾಕಿದವುಗಳಲ್ಲಿ ಸಕ್ಕರೆ ಕಡಿಮೆ ಹೋದದ್ದೂ, ಎಲ್ಲವುಗಳಲ್ಲಿ ಚಾಕೊಲೇಟಿನ ರುಚಿ ಹೆಚ್ಚು ಸಿಕ್ಕಿದ್ದೂ ಕೋಕೋ ಹೆಚ್ಚಿರುವ ಸಾದಾ ಬಾರುಗಳಿಂದಲೇ. ಸಕ್ಕರೆಯ ವೇಷ ಹಾಕಿದ ಪದಾರ್ಥಕ್ಕೆ ಹೆಚ್ಚಿನ ಹಣ ಕೊಡುವ ಬದಲು, ಅದೇ ಹಣಕ್ಕೆ ಮೈಸೂರಿನ ನವಿಲುನದಂಥ, ಬೀಜದಿಂದ ಬಾರಿನವರೆಗೆ ಎಲ್ಲವನ್ನೂ ತಾವೇ ಮಾಡುವ ಸಣ್ಣ ತಯಾರಕರ ಡಾರ್ಕ್ ಬಾರನ್ನು ತಂದು ವಾರವಿಡೀ ತಿನ್ನುವುದನ್ನು ನಾನು ಆರಿಸುತ್ತೇನೆ.

ಅಮ್ಮ ಆರಿಸಿಕೊಂಡದ್ದು 75ನ್ನು. ಮಧ್ಯಾಹ್ನದ ಊಟವಾದ ಮೇಲೆ ಒಂದು ಸಣ್ಣ ತುಂಡು, ಅದರಲ್ಲಿ ಸಕ್ಕರೆ ಅರ್ಧ ಚಮಚದಷ್ಟು. ಅದನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿ ಕೂರುತ್ತಾರೆ, ಆ ಹೊತ್ತಿನಲ್ಲಿ ಫೋನ್ ಬಂದರೂ ಎತ್ತುವುದಿಲ್ಲ. ಬರುವ ನೆಂಟರಿಗೆಲ್ಲ ಎಪ್ಪತ್ತೈದರದ್ದೇ ತನ್ನಿ ಎಂದು ಹೇಳಿಟ್ಟಿದ್ದೇನೆ. ಕಳೆದ ವಾರ ಚಿಕ್ಕಮ್ಮ 75 ಗ್ರಾಂ ತೂಕದ ಹಾಲಿನ ಚಾಕೊಲೇಟ್ ತಂದುಕೊಟ್ಟರು. ಮಗಳು ಅದನ್ನು ಫ್ರಿಜ್ಜಿನವರೆಗೆ ಹೋಗಲು ಬಿಡಲಿಲ್ಲ.