ಗೋಕಾಕ ಫಾಲ್ಸ್ ‘ಗಿರಣಿ ದರ್ಶನ’ ಪ್ಯಾಕೇಜ್: ರೊಕ್ಕ ಕೊಡೋ ಮೊದಲು ಓದ್ರಿ

ಸೂಟಿ ಶುರುವಾದರೆ ಸಾಕು, ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗ್ರೂಪುಗಳಲ್ಲಿ ಜಾಹೀರಾತು ಹರಿದಾಡುತ್ತದೆ. ಗೋಕಾಕ ಫಾಲ್ಸ್, ತೂಗುಸೇತುವೆ, ಬ್ರಿಟಿಷರ ಕಾಲದ ಹತ್ತಿ ಗಿರಣಿಯೊಳಗೆ ಸುತ್ತಾಟ, ಊಟ ಸೇರಿ ತಲೆಗೆ 1,400 ರೂಪಾಯಿ. ಮೇ ತಿಂಗಳಲ್ಲಿ ಮನಿಮಂದಿಯೆಲ್ಲ ಹೋಗಿದ್ದೆವು.

ಗಿರಣಿಯೊಳಗೆ ಕಾಲಿಡಲೇ ಇಲ್ಲ. ಘಟಪ್ರಭೆಯ ನೀರಿನ ಬಲದಿಂದ ಯಂತ್ರ ತಿರುಗಿಸಲೆಂದೇ 1880ರ ದಶಕದಲ್ಲಿ ಫಾಲ್ಸ್ ಪಕ್ಕ ಎಬ್ಬಿಸಿದ ಗಿರಣಿ ಅದು, ಇತಿಹಾಸ ದೊಡ್ಡದೇ. ಆದರೆ ಅದು ಖಾಸಗಿ ಜಾಗ, ಮ್ಯೂಸಿಯಂ ಅಲ್ಲ. ಗೇಟಿನಲ್ಲಿದ್ದ ಹಿರಿಯರು ಕೇಳಿದ್ದು ಇಷ್ಟೇ: “ಪರವಾನಗಿ ಪತ್ರ ಎಲ್ಲೈತ್ರಿ?” ಕರೆದುಕೊಂಡು ಹೋದವನ ಹತ್ತಿರ ಏನೂ ಇರಲಿಲ್ಲ. ಸೇತುವೆಗೂ ಆ ದಿನ ಬಿಡಲಿಲ್ಲ.

ಇನ್ನು ಜಲಪಾತ. ಫೋಟೋದಲ್ಲಿ ಕೆಂಪು ನೀರು ಭೋರ್ಗರೆಯುತ್ತಿತ್ತು. ನಾವು ಕಂಡದ್ದು ಸುಮಾರು 170 ಅಡಿ ಎತ್ತರದ ಒಣ ಬಂಡೆ, ಅದರ ಮೂಲೆಯಲ್ಲಿ ಸಣ್ಣ ಝರಿ. ಮೇಲೆ ಹಿಡಕಲ್ ಡ್ಯಾಮ್ ನೀರು ಹಿಡಿದಿಡುತ್ತದೆ, ಧೂಪದಾಳದ ಒಡ್ಡಿನಿಂದ ಕಾಲುವೆಗೆ ತಿರುಗುತ್ತದೆ. ಉಳಿದರಲ್ಲವೇ ಫಾಲ್ಸಿಗೆ ಬರುವುದು! ಮಳೆಗಾಲದಲ್ಲಿ, ಅದೂ ಡ್ಯಾಮಿನಿಂದ ನದಿಗೆ ನೀರು ಬಿಟ್ಟಾಗ, ಅದರ ಗತ್ತೇ ಬೇರೆ. ಪ್ರತಿ ವರ್ಷ ಗಾಡಿ ಓಡಿಸುವವನಿಗೆ ಇದು ಗೊತ್ತಿಲ್ಲವೆಂದರೆ ನಾನು ನಂಬುವುದಿಲ್ಲ.

ಸಿಟ್ಟು ಬಂದದ್ದು ಆಮೇಲೆ. ಜನ ಗೊಣಗಲು ಶುರುಮಾಡಿದ್ದೇ ತಡ, “ನದಿಯೊಳಗ ಇಳೀರಿ, ಚಲೋ ಫೋಟೋ ಬರ್ತಾವ” ಎಂದು ಪ್ಯಾಕೇಜಿನವನು ಹುಡುಗರನ್ನು ಬಂಡೆಯ ಅಂಚಿಗೇ ಕಳಿಸಿದ. ಅಲ್ಲಿ ಕಂಬಿ ಇಲ್ಲ, ಕಟ್ಟೆ ಇಲ್ಲ. ದನ ಹೊಡೆದುಕೊಂಡು ಹೊಂಟಿದ್ದ ಒಬ್ಬರು ದಂಡೆಯಿಂದ ಕೂಗಿದರು: “ಏ ತಮ್ಮಾ, ಮ್ಯಾಲ ನೀರು ಬಿಟ್ರ ಓಡಾಕ ಟೈಮ್ ಸಿಗಂಗಿಲ್ಲ, ಹಿಂದಕ್ಕ ಬರ್ರಿ!” ನಮ್ಮ ಅತ್ತಿ ಅಲ್ಲೇ ಕುಸಿದು ಕೂತರು.

ಹೋಗಲೇಬೇಡಿ ಎನ್ನುತ್ತಿಲ್ಲ. ದಂಡೆಯ ಮೇಲಿನ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿಯನ್ನಂತೂ ಬಿಡಬೇಡಿ; ಪ್ಯಾಕೇಜಿನವನು ಅದರ ಹೆಸರೇ ಎತ್ತಲಿಲ್ಲ. ಆಗಸ್ಟ್ ಹೊತ್ತಿಗೆ ಹಿಡಕಲ್ ಸುದ್ದಿ ಪೇಪರಿನಲ್ಲಿ ನೋಡಿಕೊಂಡು, ಸವದತ್ತಿ-ಯರಗಟ್ಟಿ ಮೇಲಿಂದ ನೀವೇ ಹೋಗಿ. ಯಾರಾದರೂ “ಗಿರಣಿ ಒಳಗ ತೋರಸ್ತೀವಿ” ಅಂದರೆ ಮುಂಗಡಕ್ಕೆ ಮೊದಲು ಪರವಾನಗಿ ಪತ್ರದ ಫೋಟೋ ಕೇಳಿ. ನಮ್ಮ ರೊಕ್ಕದಲ್ಲಿ ಅರ್ಧ ವಾಪಸ್ ಬಂದಿದೆ, ಉಳಿದದ್ದಕ್ಕೆ ಆತ ಫೋನ್ ಎತ್ತುತ್ತಿಲ್ಲ. ಇದೇ ರೀತಿ ಮೋಸ ಹೋದವರಿದ್ದರೆ ರಸೀದಿ ಇಟ್ಟುಕೊಳ್ಳಿ, ಗ್ರಾಹಕರ ಆಯೋಗಕ್ಕೆ ಕೂಡಿಯೇ ಅರ್ಜಿ ಹಾಕೋಣ.