ಪಿಎಂಎಫ್‌ಎಂಇ ಯೋಜನೆ, ಕೋಲಾರದ ಟೊಮ್ಯಾಟೊ ಘಟಕಗಳಿಗೆ: ದೀರ್ಘ ಬಳಕೆಯ ವಿಮರ್ಶೆ (5ಕ್ಕೆ 3.5)

ಪಿಎಂಎಫ್‌ಎಂಇ ಅಂದರೆ ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ. ಎಲ್ಲರೂ ಮೊದಲು ಕೇಳುವುದು ಸಬ್ಸಿಡಿ ಎಷ್ಟು ಅಂತ. ಆ ಲೆಕ್ಕ ಮುಗಿಸಿಬಿಡೋಣ. 10 ಲಕ್ಷದ ಘಟಕಕ್ಕೆ ಕೈಯಿಂದ 1 ಲಕ್ಷ, ಬ್ಯಾಂಕ್ ಸಾಲ 9 ಲಕ್ಷ. ಯೋಜನೆಯ 35%, ರಾಜ್ಯ ಸರ್ಕಾರದ 15% ಸೇರಿ ಸಹಾಯಧನ 5 ಲಕ್ಷ. ಸಹಾಯಧನದ ಗರಿಷ್ಠ ಮಿತಿ 15 ಲಕ್ಷ. ಆದರೆ ದುಡ್ಡು ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಮೂರು ವರ್ಷ ಇಟ್ಟಿರುತ್ತಾರೆ, ಅಷ್ಟು ಮೊತ್ತಕ್ಕೆ ಬಡ್ಡಿ ಬೀಳುವುದಿಲ್ಲ. ಕಂತು ತಪ್ಪದೆ ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆ. ಜಮೀನಿನ ಬೆಲೆ, ದುಡಿಯುವ ಬಂಡವಾಳ (ಹಣ್ಣು ಕೊಳ್ಳಲು, ದಿನದ ಖರ್ಚಿಗೆ ಬೇಕಾದ ಹಣ) ಎರಡೂ ಸಬ್ಸಿಡಿ ಲೆಕ್ಕಕ್ಕಿಲ್ಲ.

ಟೊಮ್ಯಾಟೊಗೆ ಹೊಡೆತ ಬೀಳುವುದು ಇಲ್ಲೇ. ಬೆಲೆ ನೆಲ ಕಚ್ಚಿದಾಗ ಕೊಂಡು ಒಣಗಿಸಿಡಬೇಕು, ಆದರೆ ಆ ಹೊತ್ತಿಗೆ ಯಂತ್ರ ಹೊಸದು, ಕೈ ಖಾಲಿ. ಹಾಗಾಗಿ ಅರ್ಜಿ ಹಾಕುವ ಮೊದಲೇ ಜೊತೆಗಾರರನ್ನು ಹುಡುಕಿಕೊಳ್ಳಬೇಕು. ಸಂಜೀವಿನಿ ಸ್ವಸಹಾಯ ಸಂಘದ ಮಹಿಳೆಯರಿಗೆ ಇದೇ ಯೋಜನೆಯಲ್ಲಿ ತಲಾ 40,000 ರೂ.ವರೆಗೆ ಬೀಜಧನ ಇದೆ, ಅದನ್ನು ದುಡಿಯುವ ಬಂಡವಾಳಕ್ಕೂ ಬಳಸಬಹುದು. ಹೆಚ್ಚಿ ಒಣಗಿಸುವುದು ಸಂಘದ ಕೆಲಸ, ಪುಡಿ ಮಾಡಿ ಪ್ಯಾಕ್ ಮಾಡುವುದು ಘಟಕದ ಕೆಲಸ. ಹೀಗೆ ಹಂಚಿಕೊಂಡರೆ ಇಬ್ಬರ ಕೊರತೆಯೂ ನೀಗುತ್ತದೆ.

ರೈತ ಉತ್ಪಾದಕ ಕಂಪನಿಯ ಜೊತೆ ಒಪ್ಪಂದ ಮಾಡುವಾಗ ಬಾಕ್ಸಿಗೆ ಇಂತಿಷ್ಟೇ ಎಂದು ದರ ಕಟ್ಟಬೇಡಿ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂ. ದಾಟಿತ್ತು; ಅಂಥ ಹೊತ್ತಲ್ಲಿ ಯಾವ ಕಾಗದಕ್ಕೂ ಹಣ್ಣು ಬರುವುದಿಲ್ಲ, ರೈತರನ್ನು ಬಯ್ದೂ ಪ್ರಯೋಜನವಿಲ್ಲ. ಮಂಡಿಯಲ್ಲಿ ಹಿಂದೆ ಬೀಳುವ ಸಣ್ಣ ಹಣ್ಣನ್ನು ಆ ದಿನದ ಸರಾಸರಿಗಿಂತ ಇಷ್ಟು ಕಡಿಮೆಗೆ ಎತ್ತುತ್ತೇವೆ ಎಂದು ಬರೆದುಕೊಂಡರೆ ಒಪ್ಪಂದ ಉಳಿಯುತ್ತದೆ. ದಿನಕ್ಕೆ ಎಷ್ಟು ಬಾಕ್ಸ್, ಹಣ ಎಷ್ಟು ದಿನದಲ್ಲಿ, ಕೊಳೆತದ್ದು ಯಾರ ಲೆಕ್ಕಕ್ಕೆ, ಈ ಮೂರೂ ಕಾಗದದಲ್ಲಿರಲಿ.

ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಟಮಕದ ಕೃಷಿ ವಿಜ್ಞಾನ ಕೇಂದ್ರ, ಅಲ್ಲೇ ಇರುವ ತೋಟಗಾರಿಕೆ ಕಾಲೇಜು, ಎರಡರಲ್ಲೂ ವಿಚಾರಿಸಿ. ಹಣ್ಣಿನಲ್ಲಿ ಸುಮಾರು 94% ನೀರು. 100 ಕೆ.ಜಿ.ಗೆ ಐದಾರು ಕೆ.ಜಿ. ಪುಡಿ ಸಿಕ್ಕರೆ ಹೆಚ್ಚು. ಪ್ಯೂರಿಗೆ (ಕುದಿಸಿ ಗಟ್ಟಿ ಮಾಡಿದ ತಿರುಳು) ಕರಗಿದ ಘನಾಂಶ 9% ಬೇಕು, ಮಂಡಿಯ ಹೈಬ್ರಿಡ್ ಹಣ್ಣಿನಲ್ಲಿ ಅದು 4–5% ಮಾತ್ರ. ಅಂದರೆ ಅರ್ಧದಷ್ಟು ತೂಕ ಆವಿಯಾಗಿ ಹೋಗಬೇಕು. ಸೌದೆ, ಕರೆಂಟಿನ ಖರ್ಚು ಬಿಟ್ಟು ಮಾಡಿದ ಯೋಜನಾ ವರದಿಗಳು ಮುಗ್ಗರಿಸುವುದು ಇಲ್ಲೇ. ಒಣಗಿಸುವಾಗ 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಇಡಿ, ಹೆಚ್ಚಾದರೆ ಬಣ್ಣ ಕಂದು. ಪುಡಿ ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ. ಮಾಮೂಲಿ ಪ್ಲಾಸ್ಟಿಕ್ ಕವರ್ ಸಾಲದು, ಫಾಯಿಲ್ ಪದರದ ಪೌಚ್ ಬೇಕು.

ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳ ಸೇವೆಗೆ ಪೂರ್ತಿ ಅಂಕ. ಅರ್ಜಿ, ಯೋಜನಾ ವರದಿ, ಬ್ಯಾಂಕ್ ಓಡಾಟದಲ್ಲಿ ಜೊತೆಗಿರುತ್ತಾರೆ. ಸಾಲ ಮಂಜೂರಾದ ಪ್ರತಿ ಅರ್ಜಿಗೆ ಅವರಿಗೆ ಯೋಜನೆಯಿಂದಲೇ ಸಂಭಾವನೆ ಇದೆ, ಅರ್ಜಿದಾರರು ಕೊಡಬೇಕಾಗಿಲ್ಲ. ಬ್ಯಾಂಕ್ ಶಾಖೆ ಮಾತ್ರ ಅದೃಷ್ಟದ ಮಾತು: ಮ್ಯಾನೇಜರ್ ಬದಲಾದರೆ ಕಡತ ಮತ್ತೆ ಮೊದಲ ಪುಟಕ್ಕೆ.

ಮಾರುಕಟ್ಟೆ ವಿಷಯದಲ್ಲಿ ಯೋಜನೆ ಸಪ್ಪೆ. ಬ್ರ್ಯಾಂಡಿಂಗ್ ನೆರವು ಇರುವುದು ಗುಂಪುಗಳಿಗೆ, ಒಂಟಿ ಘಟಕಕ್ಕಲ್ಲ. ಹತ್ತಿರದ ಗಿರಾಕಿ ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶದ ಕ್ಯಾಂಟೀನ್ ಗುತ್ತಿಗೆದಾರರು. ಅವರಿಗೆ ಬೇಕಿರುವುದು ಚಂದದ ಲೇಬಲ್ ಅಲ್ಲ. ಪ್ರತಿ ವಾರ ಅದೇ ಹುಳಿ, ಅದೇ ಬಣ್ಣ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪರವಾನಗಿ) ಸಂಖ್ಯೆ, ಜಿಎಸ್‌ಟಿ ಬಿಲ್. ಒಂದೇ ಘಟಕದಿಂದ ಅಷ್ಟು ಮಾಲು ಹೊರಡುವುದಿಲ್ಲ, ನಾಲ್ಕೈದು ಘಟಕ ಒಂದೇ ಅಳತೆಗೆ ಮಾಡಿ ಒಂದೇ ಬಿಲ್ಲಿನಲ್ಲಿ ಕಳಿಸಬೇಕಾಗುತ್ತದೆ. ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ) ನೋಂದಣಿ ಉಚಿತ. ಅದಿದ್ದರೆ ಲಿಖಿತ ಒಪ್ಪಂದದಲ್ಲೂ ಪಾವತಿ ಗಡುವು 45 ದಿನ ಮೀರುವಂತಿಲ್ಲ. ಖರೀದಿ ಆದೇಶದಲ್ಲೇ ಆ ಸಾಲು ಹಾಕಿಸಿ.

ಹೀಗೆ ಸೇರಿದವರು ಪಲ್ಪರ್ (ತಿರುಳು ತೆಗೆಯುವ ಯಂತ್ರ) ಹಂಚಿಕೊಳ್ಳುವುದಾದರೆ ಸರದಿ ಪುಸ್ತಕ ಇಡಲೇಬೇಕು, ಹಣ್ಣು ಅಗ್ಗವಾದ ದಿನ ಎಲ್ಲರಿಗೂ ಅದೇ ದಿನ ಬೇಕಾಗುತ್ತದೆ. ತೊಳೆಯದೆ ಬಿಟ್ಟುಹೋದವರಿಗೆ ದಂಡ ಬರೆಯಿರಿ. ಸೀಸನ್‌ನಲ್ಲಿ ಶ್ರೀನಿವಾಸಪುರದ ಮಾವನ್ನೂ ಅದರಲ್ಲೇ ಮಾಡುವ ಯೋಚನೆ ಇದ್ದರೆ, ವಾಟೆ ತೆಗೆಯುವ ಭಾಗ ಮತ್ತು ಬೇರೆ ಜಾಲರಿಯನ್ನು ಮೊದಲ ಕೊಟೇಶನ್‌ನಲ್ಲೇ ಸೇರಿಸಿ. ಸಾಲ ಮಂಜೂರಾದ ಮೇಲೆ ಯಂತ್ರಗಳ ಪಟ್ಟಿ ತಿದ್ದಿಸುವುದು ಕಷ್ಟ.